ಸೂಜಿಗೆ ದಾರ ಪೋಣಿಸುವ ಬೆಳಕು

ದೀಪ ಹಚ್ಚಿದ ಮೇಲೆ ಯಾರಿಗೂ ಸೂಜಿ ಕೊಡಬಾರದು, ಉಗುರು ಕತ್ತರಿಸಬಾರದು, ಕಸ ಗುಡಿಸಿ ಹೊರಗೆ ಹಾಕಬಾರದು. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಮಾತು ಇದು. ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಹಣತೆಯ ಬೆಳಕಿನಲ್ಲಿ ಒಂದು ಸಂಜೆ ಕುಳಿತು ನೋಡಿದವರಿಗೆ ಆ ಮಾತಿನೊಳಗಿನ ವಿವೇಕ ಬೇಗ ತಿಳಿಯುತ್ತದೆ. ಕೆಳಗೆ ಬಿದ್ದ ಸೂಜಿ ಆ ಬೆಳಕಿನಲ್ಲಿ ಕಣ್ಣಿಗೆ ಸಿಗುವುದಿಲ್ಲ, ಮಗುವಿನ ಕಾಲಿಗೆ ಸಿಗುತ್ತದೆ. ಕಸದ ಜೊತೆ ಮೂಗುತಿಯ ಹರಳು ಹೊರಗೆ ಹೋದರೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೂ ಅಷ್ಟೇ. ಒಂದು ಮೇಣದ ಬತ್ತಿ ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕು ಹೆಚ್ಚೆಂದರೆ 12–13 ಲ್ಯೂಮೆನ್. ಹರಳೆಣ್ಣೆ, ಹೊಂಗೆ ಎಣ್ಣೆ ಹಾಕಿದ ಒಂದು ಬತ್ತಿಯ ಹಣತೆ ಅದನ್ನು ಮುಟ್ಟುವುದೂ ಕಷ್ಟ. ಅಂಥ ಜ್ವಾಲೆಯಿಂದ ಒಂದು ಅಡಿ ದೂರದಲ್ಲಿ ಬಟ್ಟೆ ಹಿಡಿದರೆ ಅದರ ಮೇಲೆ ಬೀಳುವುದು ಸುಮಾರು 10 ಲಕ್ಸ್. ಸಣ್ಣ ಹೊಲಿಗೆ, ಕಸೂತಿಯಂಥ ಕೆಲಸಕ್ಕೆ ಇಂದಿನ ಬೆಳಕಿನ ತಜ್ಞರು ಕೇಳುವುದು 750ರಿಂದ 1,000 ಲಕ್ಸ್. ಹಗಲಿನಲ್ಲಿ ಮನೆಯ ಹೊರಗೆ ಮರದ ನೆರಳಿನಲ್ಲೂ ಹಲವು ಸಾವಿರ ಲಕ್ಸ್ ಇರುತ್ತದೆ. ಹೀಗಿರುವಾಗ ಕೈಕೆಲಸ ಶತಮಾನಗಳ ಕಾಲ ಜಗಲಿಗೆ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಧಾರವಾಡ ಸೀಮೆಯ ಕಸೂತಿಯನ್ನೇ ನೋಡಬಹುದು. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ ಮೂಡಬೇಕು. ಗವಂತಿ ಮತ್ತು ಮುರಗಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು, ಎಲ್ಲಿಯೂ ಗಂಟು ಬೀಳಬಾರದು. ಹೋದ ದಾರಿಯಲ್ಲೇ ದಾರ ಹಿಂದಿರುಗಿ ಬಂದಾಗ ಒಂದು ಎಳೆ ಎಣಿಕೆ ತಪ್ಪಿದ್ದರೂ ವಿನ್ಯಾಸ ಕೂಡುವುದಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು. ಇದನ್ನು ಮದುವೆಯ ಚಂದ್ರಕಾಳಿ ಸೀರೆಯ ಮೇಲೆ ಹಾಕುವುದು ವಾಡಿಕೆಯಾಗಿತ್ತು. ಚಂದ್ರಕಾಳಿ ಕಡುಕಪ್ಪು ಸೀರೆ. ಕಪ್ಪು ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ತೀರ ಸ್ವಲ್ಪವನ್ನಷ್ಟೇ ಕಣ್ಣಿಗೆ ಮರಳಿಸುತ್ತದೆ. ಕಪ್ಪು ಎಳೆಗಳನ್ನು ಒಂದೊಂದಾಗಿ ಎಣಿಸಬೇಕಾದ ಹೆಣ್ಣುಮಗಳಿಗೆ ಬಿಳಿ ಬಟ್ಟೆಯ ಮೇಲೆ ಹೊಲಿಯುವವಳಿಗಿಂತ ಹಲವು ಪಟ್ಟು ಬೆಳಕು ಬೇಕು. ಆ ಕಾಲದ ಯಾವ ದೀಪವೂ ಅದನ್ನು ಕೊಡಲಾರದಾಗಿತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ, ಮಾಳಿಗೆಯ ಬೆಳಕಿಂಡಿಯ ಕೆಳಗೋ ಹೊರಗಿನ ಕಟ್ಟೆಯ ಮೇಲೋ ಸಿಕ್ಕ ಎರಡು ಮೂರು ತಾಸುಗಳಲ್ಲಿ ಕಸೂತಿ ಬೆಳೆಯಿತು.

ಬೀದರಿನ ಕುಶಲಕರ್ಮಿಗಳು ಬೇರೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಬಿದರಿ ಪಾತ್ರೆ ಸತು ಮತ್ತು ತಾಮ್ರದ ಎರಕ. ಎರಕ ಹೊಯ್ದು ಉಜ್ಜಿದ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪಿನ ಮೇಲೆ ಉಳಿಯಿಂದ ಕೊರೆದ ಗೀರು ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿ ಕೆತ್ತುವ ಮುಂಚೆ ಮೈಲುತುತ್ತದ ನೀರು ಬಳಿದು ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಕಪ್ಪಿನ ಮೇಲೆ ಗೀರು ಬೆಳ್ಳಗೆ ಎದ್ದು ಕಾಣುತ್ತದೆ. ಬೆಳ್ಳಿ ತಂತಿ ಕೂರಿಸಿ, ಉಜ್ಜಿ ಆ ಬಣ್ಣ ತೆಗೆದ ನಂತರವೇ ಬೀದರ್ ಕೋಟೆಯ ಮಣ್ಣಿನಿಂದ ಕೊನೆಯ, ಶಾಶ್ವತ ಕಪ್ಪು. ದೀಪ ಹೆಚ್ಚಿಸಲಾಗದ ಕಾಲದಲ್ಲಿ ಕೆಲಸದ ವಸ್ತುವನ್ನೇ ಕಣ್ಣಿಗೆ ಅನುಕೂಲವಾಗುವಂತೆ ಬದಲಿಸಿಕೊಂಡ ಜಾಣ್ಮೆ ಇದು. ಬೆಳಕೆಂದರೆ ಬರೀ ಪ್ರಖರತೆಯಲ್ಲ, ವಸ್ತು ತನ್ನ ಹಿನ್ನೆಲೆಯಿಂದ ಬೇರೆಯಾಗಿ ಕಾಣಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಎಣ್ಣೆ ಬಂತು. ಗಾಜಿನ ಬುರುಡೆಯ ಲಾಟೀನು, ಉತ್ತರ ಕರ್ನಾಟಕದವರ ಕಂದೀಲು, ಅನುಕೂಲಸ್ಥರ ಮನೆಗೆ ಸಂಜೆಯ ಓದು ಬರಹವನ್ನು ತಂದಿತು. ಬಡವರಿಗೆ ಸಿಕ್ಕಿದ್ದು ಬುಡ್ಡಿ: ಖಾಲಿ ಸೀಸೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಬಿಟ್ಟ ದೀಪ. ಹಣತೆ ಉರುಳಿದರೆ ದಪ್ಪನೆಯ ಎಣ್ಣೆ ನಿಧಾನವಾಗಿ ಹರಡಿ, ಬತ್ತಿ ನಂದುವುದೇ ಹೆಚ್ಚು. ಬುಡ್ಡಿ ಉರುಳಿದರೆ ಸೀಮೆಎಣ್ಣೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತಿತ್ತು. ಬೆಳಕು ಹೆಚ್ಚಾದಷ್ಟೂ ಅಪಾಯವೂ ಹೆಚ್ಚಿತು. ದಕ್ಷಿಣ ಏಷ್ಯಾದ ಆಸ್ಪತ್ರೆಗಳಿಗೆ ಬುಡ್ಡಿಯಿಂದ ಸುಟ್ಟುಕೊಂಡವರು ಬರುತ್ತಲೇ ಇದ್ದರು. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಅವರು ಇಂಥ ರೋಗಿಗಳನ್ನು ನೋಡಿ ನೋಡಿ, ಕೊನೆಗೆ ದೀಪವನ್ನೇ ತಿದ್ದಲು ಹೊರಟರು. ಗಿಡ್ಡಗೆ, ಭಾರವಾಗಿ, ಉರುಳಿದರೂ ಹೊರಳದಂತೆ ಎರಡು ಮಗ್ಗುಲು ಚಪ್ಪಟೆಯಾಗಿ, ತಿರುಪು ಮುಚ್ಚಳದೊಂದಿಗೆ ಅವರು ರೂಪಿಸಿದ ಗಾಜಿನ ಬುಡ್ಡಿಗೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ದೀಪದ ಸುರಕ್ಷತೆ ಎಷ್ಟು ತಡವಾಗಿ ಯಾರದೋ ಗಮನಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಸೀಮೆಎಣ್ಣೆ ಆಗಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಉರಿದಾಗಿತ್ತು.

ಮದುವೆ, ಜಾತ್ರೆ, ಬಯಲಾಟಗಳನ್ನು ಬೆಳಗಿದ ಗ್ಯಾಸ್‌ಲೈಟು, ಅಂದರೆ ಪೆಟ್ರೋಮ್ಯಾಕ್ಸ್, ಇನ್ನೊಂದು ಹೆಜ್ಜೆ. ಆಸ್ಟ್ರಿಯಾದ ಕಾರ್ಲ್ ಔಅರ್ ಕಂಡುಹಿಡಿದ ಮ್ಯಾಂಟಲ್ ಎಂಬ ಬಲೆಯ ಚೀಲದ ಗುಟ್ಟು ಥೋರಿಯಂ. ತಿರುವಾಂಕೂರಿನ ಕಡಲ ಮರಳಿನಲ್ಲಿ ಅದರ ಅದಿರು ಸಿಕ್ಕಾಗ ಯುರೋಪಿನ ದೀಪದ ಕಂಪನಿಗಳು ಅಲ್ಲಿಗೆ ಧಾವಿಸಿದವು. ದೀಟಿಗೆಯ ಬೆಳಕಿನ ಯಕ್ಷಗಾನ ಪೆಟ್ರೋಮ್ಯಾಕ್ಸಿಗೆ ಬಂದಾಗ ವೇಷದ ಬಣ್ಣಗಳೇ ಬೇರೆಯಾಗಿ ಕಂಡಿರಬೇಕು. ಆದರೆ ಸದ್ದು ಮತ್ತು ಶಾಖದ ಈ ದೀಪ ಕೈಕೆಲಸದವರ ಪಕ್ಕದಲ್ಲಿ ಇಡುವಂಥದ್ದಾಗಿರಲಿಲ್ಲ.

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬಂದ ಕತೆ ಹೆಮ್ಮೆಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜಾಲಿ ಡಿ ಲೋಟ್ಬಿನಿಯೇರ್ ರೂಪಿಸಿದ ಯೋಜನೆಯಂತೆ ಶಿವನಸಮುದ್ರದ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿ ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರ ಆಗಸ್ಟಿನಲ್ಲಿ ಬೆಂಗಳೂರು ಪೇಟೆಯ ಬೀದಿಗಳಿಗೆ ದೀಪ ಬಂತು. ಏಷ್ಯಾದಲ್ಲೇ ಮೊದಲು ಎಂದು ಇದನ್ನು ಇಂದಿಗೂ ಬರೆಯುತ್ತಾರೆ. ಶಾಂಘೈ ಮತ್ತು ಟೋಕಿಯೊದಲ್ಲಿ 1882ರಲ್ಲೇ ವಿದ್ಯುತ್ ದೀಪ ಬೆಳಗಿತ್ತು. ಬೆಂಗಳೂರಿನ ಸಾಧನೆ ದೊಡ್ಡದೆನ್ನಲು ಆ ಪಟ್ಟ ಬೇಕಾಗಿಯೂ ಇಲ್ಲ. ಗಮನಿಸಬೇಕಾದದ್ದು ಬೆಳಕು ಯಾರಿಗೆ ಮೊದಲು ಸಿಕ್ಕಿತು ಎಂಬುದು. ಗಣಿ, ಬೀದಿ, ಅರಮನೆ, ಆಮೇಲೆ ಬಂಗಲೆ. ಸಾಲಿನ ಕೊನೆಯಲ್ಲಿ ಸೂಜಿ, ಉಳಿ, ಕುಂಚ ಹಿಡಿದವರು.

ಶಿವನಸಮುದ್ರದ ಮೊದಲ ವಿದ್ಯುತ್ತಿಗೆ ಇನ್ನೊಂದು ಲಕ್ಷಣವಿತ್ತು. ಅದರ ಆವರ್ತನ ಸೆಕೆಂಡಿಗೆ 25. ದೊಡ್ಡ ಮೋಟಾರುಗಳಿಗೆ ಅದು ಹಿತ, ಕಣ್ಣಿಗಲ್ಲ. ಅಂಥ ಪ್ರವಾಹದಲ್ಲಿ ಬಲ್ಬಿನ ಬೆಳಕು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ತೆಳು ತಂತುವಿನ ಬಲ್ಬಾದರೆ ಆ ಮಿನುಗು ಸೂಕ್ಷ್ಮ ಕಣ್ಣಿಗೆ ಗೊತ್ತಾಗುತ್ತದೆ. ಇಂದಿನ 50 ಆವರ್ತನದಲ್ಲಿ ಏರಿಳಿತ ನೂರಕ್ಕೆ ಏರಿದೆ, ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಆದರೂ ಮಿನುಗಿನ ಸಮಸ್ಯೆ ತೀರಲಿಲ್ಲ; ಆ ಮಾತು ಮುಂದೆ ಬರುತ್ತದೆ.

ಸಾಮಾನ್ಯರ ಮನೆಗೆ ಬಲ್ಬು ತಂದ ಹೆಸರುಗಳಲ್ಲಿ ಒಂದು ನಮ್ಮದೇ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ, ಬೆಂಗಳೂರಿನ ಮಲ್ಲೇಶ್ವರದ ಬಳಿ ಮೈಸೂರ್ ಲ್ಯಾಂಪ್ ವರ್ಕ್ಸ್ ಶುರುವಾಯಿತು. ಬಲ್ಬಿನ ಆ ದಶಕಗಳಲ್ಲಿ ನಾಡಿನ ಜನ ಒಂದು ಅಳತೆಯನ್ನು ಬಾಯಿಪಾಠ ಮಾಡಿಕೊಂಡರು: ಜೀರೋ, 40, 60, 100. ಅಂಗಡಿಯವನಿಗೂ ಕೊಳ್ಳುವವನಿಗೂ ಬೆಳಕೆಂದರೆ ವಾಟ್. ವಾಸ್ತವದಲ್ಲಿ ವಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆ. 60 ವಾಟ್ ಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್ ಬೆಳಕು; ಉಳಿದದ್ದೆಲ್ಲ, ನೂರರಲ್ಲಿ ತೊಂಬತ್ತು ಪಾಲಿಗೂ ಮೇಲು, ಶಾಖ.

ಬಲ್ಬಿನ ಜೊತೆ ಇನ್ನೊಂದು ಅಭ್ಯಾಸ ನೆಲೆಯೂರಿತು. ಬಲ್ಬನ್ನು ಕೋಣೆಯ ನಟ್ಟನಡುವೆ ತೂಗುಹಾಕುವುದು. ವೈರು ತುಟ್ಟಿ, ಕೂಲಿ ತುಟ್ಟಿ, ವಿದ್ಯುತ್ತೂ ತುಟ್ಟಿ. ಕೋಣೆಗೆ ಒಂದೇ ದೀಪ ಎಂದಾಗ ಅದು ಎಲ್ಲರಿಗೂ ಸಮನಾಗಿ ಕಾಣುವ ಕಡೆ ಇರಬೇಕಲ್ಲ. ಕರ್ನಾಟಕದ ಬಡ ಕುಟುಂಬಗಳಿಗೆ ಸರ್ಕಾರ ಭಾಗ್ಯಜ್ಯೋತಿ ಯೋಜನೆಯಡಿ ವಿದ್ಯುತ್ ಕೊಟ್ಟಾಗಲೂ ಅದು ಮನೆಗೆ ಒಂದು ದೀಪದ ಸಂಪರ್ಕವೇ ಆಗಿತ್ತು. ಕತ್ತಲ ಮನೆಗೆ ಅದು ದೊಡ್ಡ ವರ. ಆದರೆ ನಡುಮನೆಯ ದೀಪದ ಕೆಳಗೆ ಬಗ್ಗಿ ಕುಳಿತವರ ತಲೆಯ ನೆರಳು ಬೀಳುವುದು ಅವರ ಕೈಮೇಲೆಯೇ. ಹಣತೆಯನ್ನಾದರೂ ಗೂಡಿನಿಂದ ತೆಗೆದು ಪಕ್ಕಕ್ಕೆ ತಂದಿಟ್ಟುಕೊಳ್ಳಬಹುದಿತ್ತು. ಬಲ್ಬು ಬಂದ ಮೇಲೆ ಮನುಷ್ಯ ದೀಪವಿದ್ದಲ್ಲಿಗೆ ಹೋಗಬೇಕಾಯಿತು. ಕೈಕೆಲಸದ ದೃಷ್ಟಿಯಿಂದ ಇದು ದೊಡ್ಡ ನಷ್ಟ, ಅದನ್ನು ನಷ್ಟವೆಂದು ಗುರುತಿಸಿದವರೇ ಕಡಿಮೆ.

ಟ್ಯೂಬ್‌ಲೈಟು ನೆರಳಿನ ಸಮಸ್ಯೆಯನ್ನು ಸ್ವಲ್ಪ ತಗ್ಗಿಸಿತು. ನಾಲ್ಕಡಿ ಉದ್ದದ ದೀಪ, ಹಾಗಾಗಿ ನೆರಳಿನ ಅಂಚು ಮೃದು. 40 ವಾಟ್‌ಗೆ ಎರಡು ಸಾವಿರ ಲ್ಯೂಮೆನ್ ದಾಟುವ ಬೆಳಕು. ಚೋಕು, ಸ್ಟಾರ್ಟರಿನ ಗುಂಯ್‌ಗುಡುವಿಕೆಯೊಂದಿಗೆ ಬಂದದ್ದು ಮಿನುಗು. ಬಲ್ಬಿನ ಕಾದ ತಂತು ಪ್ರವಾಹ ಇಳಿದಾಗಲೂ ಕೆಂಪಗೆ ಉಳಿದಿರುತ್ತದೆ. ಟ್ಯೂಬಿನೊಳಗಿನ ಅನಿಲಕ್ಕೆ ಅಂಥ ನೆನಪಿಲ್ಲ. ಸೆಕೆಂಡಿಗೆ ನೂರು ಬಾರಿ ಅದರ ಬೆಳಕು ಕುಸಿದು ಏಳುತ್ತಿತ್ತು. ಇದರ ಅಪಾಯ ಗೊತ್ತಾದದ್ದು ಕಾರ್ಖಾನೆಗಳಲ್ಲಿ. ತಿರುಗುವ ಚಕ್ರದ ವೇಗ ಮಿನುಗಿನ ವೇಗಕ್ಕೆ ಹೊಂದಿಬಿಟ್ಟರೆ ಚಕ್ರ ನಿಂತಂತೆ ಕಾಣುತ್ತದೆ, ಕೈ ಅದರತ್ತ ಹೋಗುತ್ತದೆ. ಅದಕ್ಕೇ ಅಕ್ಕಪಕ್ಕದ ಟ್ಯೂಬುಗಳನ್ನು ವಿದ್ಯುತ್ತಿನ ಬೇರೆ ಬೇರೆ ಫೇಸಿಗೆ ಜೋಡಿಸುವ ರೂಢಿ ಬಂತು. ಲೇತಿನ ಹತ್ತಿರ ಪ್ರತ್ಯೇಕ ಬಲ್ಬು ಇಡುವುದೂ ಇದೇ ಕಾರಣಕ್ಕೆ. ಚನ್ನಪಟ್ಟಣದ ಗೊಂಬೆ ಕೆಲಸ ನಡೆಯುವುದೇ ಚರಕಿಯ ಮೇಲೆ: ತಿರುಗುವ ಆಲೆ ಮರದ ತುಂಡಿಗೆ ಉಳಿ ಒತ್ತಬೇಕು, ಬಣ್ಣದ ಅರಗಿನ ಕಡ್ಡಿ ಒತ್ತಬೇಕು, ಬೆರಳುಗಳು ಮರದಿಂದ ಸ್ವಲ್ಪವೇ ದೂರದಲ್ಲಿರುತ್ತವೆ. ಮನೆಯಲ್ಲೇ ಚಿಕ್ಕ ಲೇತ್ ಇಟ್ಟುಕೊಂಡಿರುವ ಇಂದಿನ ಹವ್ಯಾಸಿಗಳಿಗೂ ಈ ಎಚ್ಚರ ಅಷ್ಟೇ ಅಗತ್ಯ.

ಮುಂದೆ ಬಂದ ಸಿ.ಎಫ್.ಎಲ್. ಹೆಚ್ಚು ಕಾಲ ಬಾಳಲಿಲ್ಲ. ಒಳಗೆ ಪಾದರಸ, ಒಡೆದರೆ ಕಷ್ಟ. ಅದನ್ನು ಬದಿಗೆ ಸರಿಸಿದ ದೀಪ ಹುಟ್ಟಿದ್ದು ಜಪಾನಿನಲ್ಲಿ.

ಕೆಂಪು ಎಲ್.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ರೇಡಿಯೊ, ಕ್ಯಾಲ್ಕುಲೇಟರುಗಳಲ್ಲಿ ಆ ಕೆಂಪು ಚುಕ್ಕೆ ಮೂರು ದಶಕ ಬೆಳಗಿತು, ಕೋಣೆಯನ್ನು ಬೆಳಗಲಿಲ್ಲ. ಬಿಳಿ ಬೆಳಕಿಗೆ ನೀಲಿ ಬೇಕಿತ್ತು, ನೀಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ದೋಷವಿಲ್ಲದೆ ಬೆಳೆಸುವುದು ಆಗದ ಕೆಲಸ ಎಂದು ಹೆಚ್ಚಿನ ಪ್ರಯೋಗಾಲಯಗಳು ಕೈಚೆಲ್ಲಿದ್ದವು. ನಗೋಯಾದಲ್ಲಿ ಇಸಾಮು ಅಕಸಾಕಿ ಮತ್ತು ಅವರ ಶಿಷ್ಯ ಹಿರೋಷಿ ಅಮಾನೊ, ತೊಕುಶಿಮಾ ಪ್ರಾಂತ್ಯದ ನಿಚಿಯಾ ಕಂಪನಿಯಲ್ಲಿ ಶೂಜಿ ನಕಮುರ, ಇವರು ಮಾತ್ರ ಬಿಡಲಿಲ್ಲ. 1993ರಲ್ಲಿ ಪ್ರಖರ ನೀಲಿ ಎಲ್.ಇ.ಡಿ. ಹೊರಬಂತು. ನಿಚಿಯಾ ಮೊದಲಿನಿಂದಲೂ ಟ್ಯೂಬ್‌ಲೈಟ್ ಮತ್ತು ಟಿ.ವಿ. ಪರದೆಗಳ ಒಳಗೆ ಬಳಿಯುವ ಹೊಳೆಪುಡಿಯನ್ನು ತಯಾರಿಸುತ್ತಿದ್ದ ಕಂಪನಿ. ನೀಲಿ ಚಿಪ್ಪಿನ ಮೇಲೆ ಹಳದಿ ಹೊಳೆಪುಡಿ ಲೇಪಿಸಿ 1996ರಲ್ಲಿ ಅದು ಬಿಳಿ ಎಲ್.ಇ.ಡಿ.ಯನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಸಂದಿತು.

ಮರುವರ್ಷವೇ ಭಾರತದಲ್ಲಿ ಎಲ್.ಇ.ಡಿ. ಬಲ್ಬುಗಳನ್ನು ಅಗ್ಗವಾಗಿ ಹಂಚುವ ಉಜಾಲಾ ಯೋಜನೆ ಆರಂಭವಾಯಿತು. ಸಗಟು ಖರೀದಿಯಲ್ಲಿ 2014ರ ಆರಂಭಕ್ಕೆ 310 ರೂಪಾಯಿ ಇದ್ದ ಬಲ್ಬಿನ ಬೆಲೆ ಕೆಲವೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. ಕರ್ನಾಟಕದಲ್ಲಿ ಅದೇ ಬಲ್ಬು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. 9 ವಾಟ್‌ಗೆ ಸುಮಾರು 900 ಲ್ಯೂಮೆನ್. ಹಳೆಯ ಹಣತೆಗೆ ಹೋಲಿಸಿದರೆ ಎಪ್ಪತ್ತು ಪಟ್ಟು. ಉರುಳಿ ಬೀಳುವ ಎಣ್ಣೆಯಿಲ್ಲ, ಮೂಗು ಕಪ್ಪಾಗಿಸುವ ಹೊಗೆಯಿಲ್ಲ.

ಆದರೆ ಈ ಬಲ್ಬನ್ನೂ ಜನ ಸಿಕ್ಕಿಸಿದ್ದು ಹಳೆಯ ಹೋಲ್ಡರಿಗೇ, ಕೋಣೆಯ ನಡುವಿನ ಅದೇ ಜಾಗಕ್ಕೆ. ಎಲ್.ಇ.ಡಿ.ಯ ನಿಜವಾದ ಶಕ್ತಿ ಅದರ ಸಣ್ಣತನದಲ್ಲಿದೆ, ಬೇಕಾದ ಕಡೆ, ಬೇಕಾದ ದಿಕ್ಕಿಗೆ ಇಡಬಹುದೆಂಬುದರಲ್ಲಿದೆ. ಅದನ್ನು ಮೊದಲೇ ಅರಿತವರಲ್ಲಿ ಬೆಂಗಳೂರಿನ ಸೆಲ್ಕೊ ಸಂಸ್ಥೆಯೂ ಒಂದು. ಹರೀಶ್ ಹಂದೆ 1995ರಲ್ಲಿ ಕಟ್ಟಿದ ಸೆಲ್ಕೊ ಸೌರದೀಪ ಮಾರುವ ಮೊದಲು ಜನರ ಕೆಲಸ ಏನೆಂದು ಕೇಳಿತು. ನಸುಕಿನಲ್ಲಿ ಹೂ ಬಿಡಿಸುವವರಿಗೆ, ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ಎರಡೂ ಕೈ ಬಿಡುವಾಗಿರಬೇಕು; ಅವರಿಗೆ ತಲೆಗೆ ಕಟ್ಟಿಕೊಳ್ಳುವ ದೀಪ ಸಿದ್ಧವಾಯಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಕೆಲಸ ಮೊದಲು, ದೀಪ ಆಮೇಲೆ ಎಂಬ ಈ ಕ್ರಮ ಹವ್ಯಾಸದ ಕೋಣೆಗೂ ಒಪ್ಪುತ್ತದೆ.

ಈಚಿನ ವರ್ಷಗಳಲ್ಲಿ ಕಸೂತಿ, ಮೈಸೂರು ಶೈಲಿಯ ಚಿತ್ರ, ಕ್ರೋಶೆ, ಸಣ್ಣ ಎಲೆಕ್ಟ್ರಾನಿಕ್ಸ್ ಜೋಡಣೆ ಇವೆಲ್ಲ ಸಂಜೆಯ ಹವ್ಯಾಸಗಳಾಗಿವೆ. ಹಗಲಿಗೆ ಕಚೇರಿ, ಕೈಗೆ ಸೂಜಿ ಬರುವುದು ದೀಪ ಹಚ್ಚಿದ ಮೇಲೆಯೇ. 10x12 ಅಡಿಯ ಕೋಣೆಯ ನಡುವೆ ಒಂದು 9 ವಾಟ್ ಬಲ್ಬು ಉರಿದರೆ ಅದರ ಬೆಳಕಿನ ಅರ್ಧ ಗೋಡೆ, ಚಾವಣಿಗಳ ಪಾಲು. ಮೇಜಿನ ಮೇಲೆ ಬೀಳುವುದು ಸರಾಸರಿ 40 ಲಕ್ಸ್. ಬಲ್ಬುಗಳನ್ನು ಹೆಚ್ಚಿಸುತ್ತ ಇಡೀ ಕೋಣೆಯನ್ನು 750 ಲಕ್ಸಿಗೆ ಏರಿಸುವುದು ದುಂದು, ಕಣ್ಣನ್ನೂ ಕೋರೈಸುತ್ತದೆ. 500–600 ಲ್ಯೂಮೆನ್ ಕೊಡುವ, ಕೊರಳು ಬಾಗಿಸಬಹುದಾದ ಒಂದು ಮೇಜಿನ ದೀಪ ಎರಡಡಿ ಅಗಲದ ಜಾಗಕ್ಕೆ ಆ ಬೆಳಕನ್ನು ಸಲೀಸಾಗಿ ಕೊಡುತ್ತದೆ. ಸುತ್ತಲಿನ ಕೋಣೆ ಮಾತ್ರ ತೀರ ಕತ್ತಲಾಗಿರಬಾರದು. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಅರವತ್ತರ ಕಣ್ಣಿನ ಒಳಪರದೆಗೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೇ ಒಂದು ಭಾಗವಷ್ಟೇ ತಲುಪುತ್ತದೆ.

ಬಣ್ಣದ ಮಾತು ಬೇರೆ. ಸೀರೆ ಅಂಗಡಿಯಲ್ಲಿ ಆರಿಸಿದ ಸೀರೆಯನ್ನು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡುವ ಪದ್ಧತಿ ನಮ್ಮ ಹೆಂಗಸರಲ್ಲಿ ಹಳೆಯದು, ಅಂಗಡಿಯವರೂ ಅದಕ್ಕೆ ಬೇಸರಿಸುವುದಿಲ್ಲ. ಬಿಳಿಯಾಗಿ ಕಾಣುವ ಎರಡು ದೀಪಗಳಲ್ಲಿ ಬಣ್ಣಗಳ ಪಾಕ ಒಂದೇ ಆಗಿರುವುದಿಲ್ಲ ಎಂಬ ವಿಜ್ಞಾನ ಆ ನಡಿಗೆಯಲ್ಲಿದೆ. ನೀಲಿ ಚಿಪ್ಪು, ಹಳದಿ ಪುಡಿಯ ಅಗ್ಗದ ಎಲ್.ಇ.ಡಿ.ಯಲ್ಲಿ ಕಡಿಮೆಯಾಗುವುದು ಕಡುಗೆಂಪು. ಇಳಕಲ್ ಸೆರಗಿನ ಕೆಂಪು ಅದರಲ್ಲಿ ಮಂಕಾಗಿ ಕಂದು ತಿರುಗುತ್ತದೆ. ನೇರಳೆ, ಕಡುನೀಲಿ ದಾರಗಳು ಒಂದಕ್ಕೊಂದು ಬೆರೆತಂತೆ ಕಾಣುತ್ತವೆ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ, ಪೆಟ್ಟಿಗೆಯ ಮೇಲೆ ಬರೆದಿರುವ ಸಿ.ಆರ್.ಐ. ಸಂಖ್ಯೆಯನ್ನು ನೋಡಬೇಕಾದದ್ದು ಇದಕ್ಕೇ. ಸಾಧಾರಣ ಬಲ್ಬುಗಳಲ್ಲಿ ಅದು 80ರ ಆಸುಪಾಸು. ದಾರ, ಬಣ್ಣ ಆರಿಸುವ ಕೆಲಸಕ್ಕೆ 90 ದಾಟಿರಬೇಕು. ಆ ಸಂಖ್ಯೆಯ ಲೆಕ್ಕ ಎಂಟು ತಿಳಿಬಣ್ಣಗಳ ಮೇಲೆ ನಿಂತಿದೆ, ಕಡುಗೆಂಪು ಅದರಲ್ಲಿ ಸೇರಿಲ್ಲ. ಒಳ್ಳೆಯ ತಯಾರಕರು ಅದನ್ನು ಆರ್9 ಎಂದು ಪ್ರತ್ಯೇಕವಾಗಿ ನಮೂದಿಸುತ್ತಾರೆ.

ಬೆಂಕಿಯ ಭಯ ಹೋಯಿತೆಂದು ಸುರಕ್ಷತೆಯ ಪ್ರಶ್ನೆ ಮುಗಿಯಲಿಲ್ಲ. ಎಲ್.ಇ.ಡಿ. ಒಳಗಿನ ಡ್ರೈವರ್ ಎಂಬ ಪುಟ್ಟ ಸರ್ಕಿಟ್ 230 ವೋಲ್ಟನ್ನು ಇಳಿಸಿ ಚಿಪ್ಪಿಗೆ ಕೊಡುತ್ತದೆ. ಕಾಸು ಉಳಿಸಲು ಮಾಡಿದ ಡ್ರೈವರುಗಳಲ್ಲಿ ಮೇನ್ಸ್ ಮತ್ತು ಚಿಪ್ಪಿನ ನಡುವೆ ಬೇರ್ಪಡಿಕೆಯೇ ಇರುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಗುಮ್ಮಟ ಕಳಚಿದ ಬಲ್ಬನ್ನು ಉರಿಸುವುದು, ನೇರ 230 ವೋಲ್ಟಿನ ಎಲ್.ಇ.ಡಿ. ಪಟ್ಟಿಯನ್ನು ಕತ್ತರಿಸಿ ಮೇಜಿನ ಅಂಚಿಗೆ ಅಂಟಿಸುವುದು ಜೀವಕ್ಕೆ ಅಪಾಯ. ಮೇಜಿನ ಹತ್ತಿರಕ್ಕೆ 12 ಅಥವಾ 24 ವೋಲ್ಟಿನ ಪಟ್ಟಿ, ಅದಕ್ಕೆ ಒಳ್ಳೆಯ ಅಡಾಪ್ಟರು ಸರಿಯಾದ ಆಯ್ಕೆ. ಬಲ್ಬಿನ ಮೇಲೆ ಐ.ಎಸ್. 16102 ಎಂಬ ಭಾರತೀಯ ಮಾನಕದ ಗುರುತಿರುವುದನ್ನು ನೋಡಿ ಕೊಳ್ಳಬೇಕು.

ಮಿನುಗು ಇಲ್ಲಿಯೂ ಹಿಂಬಾಲಿಸಿದೆ. ಚಿಪ್ಪು ಟ್ಯೂಬಿಗಿಂತಲೂ ಚುರುಕು. ಡ್ರೈವರ್ ಕಳಪೆಯಾದರೆ ಬೆಳಕು ಸೆಕೆಂಡಿಗೆ ನೂರು ಬಾರಿ ಪೂರ್ತಿ ಆರಿ ಹತ್ತುತ್ತದೆ. ಕಣ್ಣಿಗೆ ಕಾಣದಿದ್ದರೂ ತಲೆನೋವಾಗಿ, ಕಣ್ಣುರಿಯಾಗಿ ಅದು ತಿಳಿಯುತ್ತದೆ. ಮೊಬೈಲ್ ಕ್ಯಾಮೆರಾವನ್ನು ಉರಿಯುವ ದೀಪದ ಹತ್ತಿರ ಹಿಡಿದಾಗ ಪರದೆಯ ಮೇಲೆ ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಆ ದೀಪವನ್ನು ಅಂಗಡಿಯಲ್ಲೇ ಬಿಡುವುದು ಒಳ್ಳೆಯದು. ನೀಲಿ ಬೆಳಕಿನ ಬಗ್ಗೆ ಹರಡಿರುವ ಭಯ ಮಾತ್ರ ಅತಿಯಾದದ್ದು. ಮನೆಬಳಕೆಯ ಗುಮ್ಮಟವಿರುವ ಬಲ್ಬು ವಯಸ್ಕರ ಕಣ್ಣನ್ನು ಕೆಡಿಸುವುದಿಲ್ಲ. ಬರಿಯ ಚಿಪ್ಪನ್ನು ಮುಖದ ಹತ್ತಿರ ಇಟ್ಟುಕೊಂಡು ದಿಟ್ಟಿಸಬಾರದು, ಮತ್ತು ಮಲಗುವ ಮುಂಚಿನ ಗಂಟೆಗಳಲ್ಲಿ 6500 ಕೆಲ್ವಿನ್ನಿನ ತಣ್ಣನೆಯ ಬಿಳಿ ನಿದ್ದೆಯನ್ನು ದೂಡುತ್ತದೆ. ಸಂಜೆಯ ಕೆಲಸಕ್ಕೆ 4000 ಕೆಲ್ವಿನ್ ಹಿತವಾದ ನಡುದಾರಿ.

ದೀಪ ಎಲ್ಲಿಡಬೇಕೆಂಬುದನ್ನು ಕೆಲಸವೇ ಹೇಳುತ್ತದೆ. ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ಎಡದಿಂದ, ಭುಜಕ್ಕಿಂತ ತುಸು ಮುಂದಕ್ಕೆ. ಕಪ್ಪು ಬಟ್ಟೆಯ ಎಳೆ ಎಣಿಸುವಾಗ ಮೇಲಿನ ದೀಪದ ಜೊತೆ ಮಡಿಲಲ್ಲೊಂದು ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ನಡುವಿನ ಸಂದಿ ಬೆಳ್ಳಗೆ ಬಿಡಿಸಿ ಕಾಣುತ್ತದೆ. ಮೈಸೂರು ಚಿತ್ರದ ಉಬ್ಬುಕೆಲಸಕ್ಕೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು, ಆಗ ಉಬ್ಬು ತಗ್ಗು ತಿಳಿಯುತ್ತದೆ. ಅದರ ಮೇಲೆ ಚಿನ್ನದ ಹಾಳೆ ಕೂರಿಸುವ ಹೊತ್ತಿಗೆ ಅದೇ ಓರೆ ಬೆಳಕು ಚಿನ್ನಕ್ಕೆ ತಾಗಿ ಕಣ್ಣಿಗೆ ಚುಚ್ಚುತ್ತದೆ, ದೀಪವನ್ನು ಹಿಂದಕ್ಕೆ ಸರಿಸಿ ಅದರ ಮುಂದೆ ತೆಳು ಬಿಳಿ ಕಾಗದ ಹಿಡಿಯಬೇಕಾಗುತ್ತದೆ.